ಯಾವ ಕಾಫಿ ಉರಿಯೂತ ಇಳಿಸುತ್ತದೆ? ಪುಡಿ ಅಂಗಡಿಗೆ ಹೋಗುವ ಮುನ್ನ

ಅಕ್ಕನ ಮಂಡಿನೋವಿಗೂ ಕಾಫಿಪುಡಿಗೂ ಗಂಟು ಹಾಕಿದ್ದು ಒಂದು ವಾಟ್ಸಾಪ್ ಸಂದೇಶ. ಕಾಫಿಯಲ್ಲಿರುವ ಅಂಶಗಳು ಮನುಷ್ಯನ ರೋಗನಿರೋಧಕ ಕೋಶಗಳಲ್ಲಿ ಉರಿಯೂತ ತಗ್ಗಿಸುತ್ತವೆ ಅಂತ ಅದರಲ್ಲಿತ್ತು. ಬೆಳಿಗ್ಗೆ ಏಳಕ್ಕೇ ಫೋನ್. "ನೋಡೋ, ದಿನಾ ಮೂರು ಲೋಟ ಕುಡೀತೀನಿ, ಮಂಡಿ ಮಾತ್ರ ಹಾಗೇ ಇದೆ. ನಾನು ತರೋ ಪುಡೀನೇ ಸರಿಯಿಲ್ವೇನೋ?"

ಸಂದೇಶ ಸುಳ್ಳಲ್ಲ, ಅರ್ಧ ಮಾತು ಅಷ್ಟೆ. ಉಳಿದರ್ಧವನ್ನು ಅಕ್ಕನಿಗೆ ಹೇಳಲು ಕೂತಾಗ ಇಷ್ಟೆಲ್ಲ ಓದಬೇಕಾಯಿತು. ಅರಾಬಿಕಾನೋ ರೊಬಸ್ಟಾನೋ, ನಸುಹುರಿಯೋ ಕಪ್ಪುಹುರಿಯೋ, ಚಿಕೋರಿ ಎಷ್ಟು, ಸ್ಟೀಲ್ ಫಿಲ್ಟರೋ ಕಾಗದದ ಫಿಲ್ಟರೋ, ಹಾಲು ಬೇಕೋ ಬೇಡವೋ ಎಂದು ಒಂದೊಂದನ್ನೇ ಎದುರುಬದುರು ಇಟ್ಟು ನೋಡಿದ್ದೇನೆ. ನಾನು ವೈದ್ಯನಲ್ಲ, ಕಾಫಿಪ್ರಿಯ.

ಮೊದಲು ಪ್ರಯೋಗಶಾಲೆಯ ತಟ್ಟೆ

ಇಂಥ ಸುದ್ದಿಗಳೆಲ್ಲ ಹುಟ್ಟುವ ಜಾಗ ಒಂದು ಪ್ಲಾಸ್ಟಿಕ್ ತಟ್ಟೆ. ಇಡ್ಲಿ ತಟ್ಟೆಯ ಹಾಗೆ ಅದರ ತುಂಬ ಪುಟ್ಟ ಪುಟ್ಟ ಗುಳಿಗಳು, 96ರವರೆಗೂ ಇರುತ್ತವೆ. ಒಂದೊಂದು ಗುಳಿಯಲ್ಲೂ ಸಾವಿರಾರು ಬಿಳಿ ರಕ್ತಕಣಗಳು: ಮೊನೊಸೈಟ್ ಅಥವಾ ಮ್ಯಾಕ್ರೋಫೇಜ್. ಅದಕ್ಕೆ ಬ್ಯಾಕ್ಟೀರಿಯಾದ ಹೊರಪೊರೆಯ ಚೂರನ್ನು ಹಾಕುತ್ತಾರೆ. ಸೋಂಕು ಬಂತು ಎಂದುಕೊಂಡ ಕೋಶಗಳು ಟಿಎನ್ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನುಗಳನ್ನು ಹೊರಗೆ ಚೆಲ್ಲುತ್ತವೆ. ಅವು ಉರಿಯೂತದ ತಮಟೆ. ಇನ್ನೊಂದಿಷ್ಟು ಗುಳಿಗಳಿಗೆ ಅದೇ ಚೂರಿನ ಜೊತೆ ಕಾಫಿಯ ಯಾವುದೋ ಅಂಶವನ್ನೂ ಬೆರೆಸಿರುತ್ತಾರೆ. ಕೊನೆಗೆ ಪ್ರೋಟೀನನ್ನು ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಗುಳಿಗಳು ಹಳದಿಗೆ ತಿರುಗುತ್ತವೆ. ಹಳದಿ ಗಾಢವಾದಷ್ಟೂ ತಮಟೆ ಜೋರು. ಕಾಫಿಯ ಅಂಶ ಬಿದ್ದ ಗುಳಿಗಳು ಪೇಲವವಾಗಿದ್ದರೆ "ಉರಿಯೂತ ತಗ್ಗಿತು".

ಇಲ್ಲಿ ಎರಡು ವಿಷಯ ಕೇಳಿಕೊಳ್ಳಬೇಕು. ಕೋಶ ಯಾರದು? ಎಷ್ಟೋ ಫಲಿತಾಂಶಗಳು ರಾ 264.7 ಎಂಬ ಇಲಿಯ ಮ್ಯಾಕ್ರೋಫೇಜ್ ತಳಿಯಿಂದ ಬಂದವು. ಮನುಷ್ಯನ ಕೋಶ ಅಂದರೂ ಬಹಳ ಸಲ ಅದು ಟಿಎಚ್‌ಪಿ-1. 1980ರಲ್ಲಿ ಜಪಾನಿನಲ್ಲಿ, ರಕ್ತದ ಕ್ಯಾನ್ಸರ್ ಇದ್ದ ಒಂದು ವರ್ಷದ ಮಗುವಿನ ರಕ್ತದಿಂದ ಬೆಳೆಸಿ ಉಳಿಸಿಕೊಂಡ ತಳಿ. ಆರೋಗ್ಯವಂತರ ತೋಳಿನಿಂದ ಆಗತಾನೆ ತೆಗೆದ ರಕ್ತದ ಕೋಶಗಳಲ್ಲಿ ಮಾಡಿದ ಕೆಲಸಕ್ಕೆ ತೂಕ ಜಾಸ್ತಿ.

ಎರಡನೆಯದು ಪ್ರಮಾಣ. ಇಡೀ ವಿಷಯ ನಿಂತಿರುವುದು ಇದರ ಮೇಲೆ. ನೂರು ಮಿ.ಗ್ರಾಂ ಕೆಫೀನ್, ಅಂದರೆ ಒಂದು ಗಟ್ಟಿ ಲೋಟ ಕಾಫಿ ಅಂದುಕೊಳ್ಳಿ, ಎಪ್ಪತ್ತು ಕೆಜಿ ತೂಕದವರ ಮೈಯ ನೀರಲ್ಲೆಲ್ಲ ಹರಡಿಕೊಂಡಾಗ ರಕ್ತದಲ್ಲಿ ಸಿಗುವುದು ಹೆಚ್ಚುಕಮ್ಮಿ 10 ಮೈಕ್ರೊಮೋಲಾರ್, ಅಂದರೆ ಲೀಟರಿಗೆ ಸುಮಾರು ಎರಡು ಮಿ.ಗ್ರಾಂ. ಕೋಶದೊಳಗಿನ ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನು ಕೆಫೀನ್ ತಡೆಯುತ್ತದೆ, ಅದರಿಂದ ಟಿಎನ್ಎಫ್ ಇಳಿಯುತ್ತದೆ ಎನ್ನುತ್ತಾರಲ್ಲ, ಆ ಕೆಲಸಕ್ಕೆ ಬೇಕಿರುವುದು ಇದರ ಹತ್ತಾರು ಪಟ್ಟು. ಅಷ್ಟು ಕಾಫಿ ಕುಡಿದವರು ಮಂಡಿನೋವಿಗಲ್ಲ, ಎದೆಬಡಿತಕ್ಕೆ ಆಸ್ಪತ್ರೆ ಸೇರುತ್ತಾರೆ. ಲೋಟದ ಪ್ರಮಾಣದಲ್ಲಿ ಕೆಫೀನ್ ನಿಜವಾಗಿ ಮಾಡುವುದು ಮೈಯಲ್ಲೇ ಹುಟ್ಟಿ ನಿದ್ದೆ ತರಿಸುವ ಅಡೆನೊಸಿನ್ ಎಂಬ ವಸ್ತು ಕೂರುವ ಜಾಗವನ್ನು ಆಕ್ರಮಿಸುವುದನ್ನು. ಎಚ್ಚರ ಬರುವುದು ಅದರಿಂದಲೇ. ತಮಾಷೆಯೆಂದರೆ, ಅಡೆನೊಸಿನ್ ಸ್ವತಃ ಬಿಳಿ ರಕ್ತಕಣಗಳನ್ನು ಸಮಾಧಾನಪಡಿಸುವ ವಸ್ತು. ಹಾಗಾಗಿ ಕೆಫೀನಿಗೆ ಉರಿಯೂತದ ವಿಷಯದಲ್ಲಿ ಎರಡು ಮುಖ.

ಕಾಫಿ ಬೀಜದಲ್ಲೇ ಇರುವ ಕ್ಲೋರೊಜೆನಿಕ್ ಆಮ್ಲದ್ದು ಇನ್ನೊಂದು ಕಥೆ. ಒಂದು ಲೋಟದಲ್ಲಿ 70ರಿಂದ 350 ಮಿ.ಗ್ರಾಂವರೆಗೂ ಇರಬಹುದು. ದೊಡ್ಡ ಕರುಳನ್ನು ತೆಗೆಸಿಕೊಂಡಿದ್ದ ಕೆಲವರಿಗೆ ಇದನ್ನು ಕೊಟ್ಟು ನೆದರ್‌ಲೆಂಡ್ಸ್‌ನ ಸಂಶೋಧಕರು 2001ರಲ್ಲಿ ಲೆಕ್ಕ ಹಾಕಿದರು: ಸಣ್ಣ ಕರುಳಲ್ಲಿ ಹೀರಲ್ಪಟ್ಟದ್ದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆದು ಬೇರೆ ಆಮ್ಲಗಳಾಗುತ್ತದೆ. ಹೀರಿದ್ದನ್ನೂ ಯಕೃತ್ತು ರೂಪ ಬದಲಿಸಿಯೇ ಕಳಿಸುತ್ತದೆ. ತಟ್ಟೆಯ ಗುಳಿಗೆ ಹಾಕಿದ ಶುದ್ಧ ಕ್ಲೋರೊಜೆನಿಕ್ ಆಮ್ಲ ಆ ರೂಪದಲ್ಲಿ, ಆ ಪ್ರಮಾಣದಲ್ಲಿ ನಿಮ್ಮ ರಕ್ತಕಣವನ್ನು ಕಾಣುವುದೇ ಇಲ್ಲ ಎನ್ನಬೇಕು.

ಹಾಗಂತ ಎಲ್ಲವೂ ಪೊಳ್ಳಲ್ಲ. 2017ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ನನಗೆ ತುಂಬ ಹಿಡಿಸಿತು. ಅವರು ತಟ್ಟೆಯಿಂದ ಶುರು ಮಾಡಲಿಲ್ಲ, ಮನುಷ್ಯರಿಂದ ಮಾಡಿದರು. ವಯಸ್ಸಾದವರ ರಕ್ತದಲ್ಲಿ ಇನ್‌ಫ್ಲಮಸೋಮ್ ಎಂಬ, ಉರಿಯೂತವನ್ನು ಹೊತ್ತಿಸುವ ಕೋಶಯಂತ್ರದ ಜೀನುಗಳು ಕೆಲವರಲ್ಲಿ ಸದಾ ಜಾಗೃತ, ಕೆಲವರಲ್ಲಿ ತಣ್ಣಗೆ. ಜಾಗೃತವಾಗಿದ್ದವರಲ್ಲಿ ರಕ್ತದೊತ್ತಡ, ಪೆಡಸಾದ ರಕ್ತನಾಳ ಹೆಚ್ಚು. ತಣ್ಣಗಿದ್ದವರ ರಕ್ತದಲ್ಲಿ ಕೆಫೀನ್ ಮತ್ತದರ ಬಂಧುಗಳು ಹೆಚ್ಚು. ಆಮೇಲೆ ತಟ್ಟೆಗೆ ಬಂದು, ಅಡೆನಿನ್ ಮುಂತಾದ ಜೀನುವಸ್ತುವಿನ ಚೂರುಗಳಿಂದ ಕೆರಳಿಸಿದ ಕೋಶಗಳಿಗೆ ಕೆಫೀನ್ ಕೊಟ್ಟಾಗ ಆ ಕೆರಳುವಿಕೆ ತಗ್ಗಿತು. ಇದು ಕಾಫಿ ಕುಡಿಸಿ ನೋಡಿದ ಪರೀಕ್ಷೆಯಲ್ಲ, ನಂಟು ತೋರಿಸಿದ್ದು. ಆದರೂ ಮನುಷ್ಯನಿಂದ ಕೋಶಕ್ಕೆ ಬಂದ ದಾರಿ ಸರಿಯಾದ ದಾರಿ.

ಕುಡಿಸಿಯೇ ನೋಡಿದ್ದೂ ಇದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 47 ಕಾಫಿ ಅಭ್ಯಾಸದವರು ಮೊದಲ ತಿಂಗಳು ಕಾಫಿ ಪೂರ್ತಿ ಬಿಟ್ಟರು (ಪಾಪ), ಎರಡನೇ ತಿಂಗಳು ದಿನಕ್ಕೆ 4 ಕಪ್, ಮೂರನೇ ತಿಂಗಳು 8 ಕಪ್. ಎಂಟು ಕಪ್ಪಿನ ತಿಂಗಳಲ್ಲಿ ಇಂಟರ್‌ಲ್ಯೂಕಿನ್-18 (ಇದೂ ಉರಿಯೂತದ ತಮಟೆಯೇ) ಶೇಕಡಾ 8ರಷ್ಟು ಇಳಿದಿತ್ತು. ಒಟ್ಟು ಕೊಲೆಸ್ಟ್ರಾಲ್ ಶೇಕಡಾ 12ರಷ್ಟು ಏರಿತ್ತು. ಸಂದೇಶ ಬರೆಯುವವರು ಎರಡನೇ ಅಂಕಿಯನ್ನು ನುಂಗಿಬಿಡುತ್ತಾರೆ.

ಅರಾಬಿಕಾ ಎದುರು ರೊಬಸ್ಟಾ

ನಮ್ಮಲ್ಲಿ ರೊಬಸ್ಟಾ ಅಂದರೆ ಮೂಗು ಮುರಿಯುವವರೇ ಹೆಚ್ಚು. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ರೊಬಸ್ಟಾನೇ, ಕೊಡಗಿನ ತೋಟಗಳಲ್ಲಂತೂ ಅದರದೇ ರಾಜ್ಯ. ಆದರೂ ಅಂಗಡಿಯಲ್ಲಿ "ಪ್ಲಾಂಟೇಶನ್ ಎ ಹಾಕಿ" (ಅದು ಅರಾಬಿಕಾದ ಒಂದು ದರ್ಜೆ) ಅಂದರೆ ಗೌರವ, "ರೊಬಸ್ಟಾ ಜಾಸ್ತಿ ಹಾಕಿ" ಅಂದರೆ ಕೈಬಿಗಿ ಮನೆಯವರು ಅನ್ನುವ ನೋಟ.

ರಾಸಾಯನಿಕವಾಗಿ ನೋಡಿದರೆ ಮಾತು ಮಗುಚುತ್ತದೆ. ಅರಾಬಿಕಾ ಬೀಜದ ತೂಕದಲ್ಲಿ ಕೆಫೀನ್ ಶೇಕಡಾ ಒಂದೂಕಾಲರ ಆಸುಪಾಸು, ರೊಬಸ್ಟಾದಲ್ಲಿ ಎರಡಕ್ಕಿಂತ ಮೇಲೆ. ಹಸಿ ಬೀಜದ ಕ್ಲೋರೊಜೆನಿಕ್ ಆಮ್ಲವೂ ರೊಬಸ್ಟಾದಲ್ಲೇ ಹೆಚ್ಚು: ಶೇಕಡಾ 7ರಿಂದ 10, ಅರಾಬಿಕಾದಲ್ಲಿ ಐದೂವರೆಯಿಂದ 8. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್, ಕಾವಿಯಾಲ್ ಎಂಬ ಜೋಡಿ ಮಾತ್ರ ಅರಾಬಿಕಾದ ಸೊತ್ತು. ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ, ಕಾವಿಯಾಲ್ ಇದ್ದೂ ಇಲ್ಲದಷ್ಟು. ತಟ್ಟೆಯ ಪ್ರಯೋಗಗಳಲ್ಲಿ ಈ ಜೋಡಿ ಉರಿಯೂತವನ್ನು ಚೆನ್ನಾಗಿಯೇ ಅದುಮುತ್ತದೆ, ಸಂಧಿವಾತದ ಮಾತ್ರೆಗಳು ಗುರಿಯಿಡುವ ಕಾಕ್ಸ್-2 ಕಿಣ್ವವನ್ನೂ ತಗ್ಗಿಸುತ್ತದೆ. ಆದರೆ ಯಕೃತ್ತಿಗೆ ಹೋಗಿ ಕೊಲೆಸ್ಟ್ರಾಲ್ ಏರಿಸುವುದೂ ಇದೇ ಜೋಡಿ, ಅದರಲ್ಲೂ ಕೆಫೆಸ್ಟಾಲ್.

ಕೊಲೆಸ್ಟ್ರಾಲ್ ಇದ್ದವರು ರೊಬಸ್ಟಾ ಪಾಲು ಹೆಚ್ಚಿಸಿಕೊಂಡರೆ ನಷ್ಟವಿಲ್ಲ. ನಿದ್ದೆ ಬಾರದವರು, ಎದೆ ಡವಗುಟ್ಟುವವರು ಅರಾಬಿಕಾಗೆ ಅಂಟಿಕೊಳ್ಳಲಿ. ಇವೆರಡೂ ಇಲ್ಲದವರು ನಾಲಿಗೆಯ ಮಾತು ಕೇಳಿ.

ಹುರಿ ಎಷ್ಟು?

ಹುರಿಯುವಾಗ ಕ್ಲೋರೊಜೆನಿಕ್ ಆಮ್ಲ ಸುಟ್ಟುಹೋಗುತ್ತದೆ. ನಸುಹುರಿಗೇ ಅರ್ಧದಷ್ಟು ಹೋಗಿರುತ್ತದೆ, ಎಣ್ಣೆ ಜಿನುಗುವ ಕಪ್ಪುಹುರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾಪತ್ತೆ. ಕೆಫೀನ್ ಮಾತ್ರ ಗಟ್ಟಿಪಿಂಡ, ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಕೊರಿಯಾದ ಒಂದು ತಂಡ 2017ರಲ್ಲಿ ನಾಲ್ಕು ಹದದ ಹುರಿಗಳನ್ನು ಹೋಲಿಸಿ, ಕೋಶಗಳಲ್ಲಿ ಉರಿಯೂತ ತಗ್ಗಿಸುವುದರಲ್ಲಿ ನಸುಹುರಿಯೇ ಮೇಲು ಎಂದಿತು.

ಅಲ್ಲಿಗೆ ಮುಗಿಯಿತು ಅನ್ನುವಾಗ ಜಪಾನಿನ ಇನ್ನೊಂದು ತಂಡ 2020ರಲ್ಲಿ ಬೇರೆಯದೇ ಹೇಳಿತು. ಹುರಿಯುವಾಗ ಕ್ಲೋರೊಜೆನಿಕ್ ಆಮ್ಲ ಒಡೆದು ಪೈರೊಕ್ಯಾಟೆಕಾಲ್ ಎಂಬ ವಸ್ತು ಹುಟ್ಟುತ್ತದೆ, ಉರಿಯೂತವನ್ನು ಅದುಮುವುದು ಅದು ಎಂದು. ಅವರ ಲೆಕ್ಕದಲ್ಲಿ ಹುರಿದದ್ದೇ ಸರಿ. ಎರಡೂ ಕಡೆ ಇದ್ದದ್ದು ಕಾಫಿ, ಮ್ಯಾಕ್ರೋಫೇಜ್, ತಟ್ಟೆ. ತೀರ್ಮಾನ ಮಾತ್ರ ಉತ್ತರ, ದಕ್ಷಿಣ. ಇಂಥಲ್ಲಿ ನಾನು ಯಾರ ಪಕ್ಷವನ್ನೂ ವಹಿಸದೆ ನಡುಹುರಿ ಕೊಳ್ಳುತ್ತೇನೆ. ಸುಟ್ಟ ವಾಸನೆ ನನಗಾಗದು ಎನ್ನುವುದೂ ಒಂದು ಕಾರಣ.

ಚಿಕೋರಿ

ಚಿಕೋರಿ ಕಾಫಿಯಲ್ಲ, ಒಂದು ಗಿಡದ ಬೇರು. ಕೆಫೀನ್ ಸೊನ್ನೆ. ಹಸಿ ಬೇರಿನಲ್ಲಿ ಇನುಲಿನ್ ಎಂಬ ನಾರು ಧಾರಾಳ, ಆದರೆ ಹುರಿಯುವಾಗ ಅದರಲ್ಲಿ ಒಂದಷ್ಟು ಕರಗಿ ಕಂದು ಬಣ್ಣ, ಕಹಿ ಸಿಹಿಯಾಗಿ ಬದಲಾಗುತ್ತದೆ. ಡಿಕಾಕ್ಷನ್‌ಗೆ ಮೈ ಕೊಡುವುದು, ಹಾಲಿಗೆ ಬಣ್ಣ ಕೊಡುವುದು ಅದರ ಕೆಲಸ.

ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪಾಲನ್ನೂ ಪೊಟ್ಟಣದ ಮೇಲೆ ಬರೆದಿರಬೇಕು. ಅಂದರೆ "ಕಾಫಿ" ಅಂತ ಕೊಂಡ ಪೊಟ್ಟಣದಲ್ಲಿ 49 ಪಾಲು ಬೇರು ಇದ್ದರೂ ಕಾನೂನು ಮುರಿದಂತಲ್ಲ. ಹಿಂಬದಿಯ ಸಣ್ಣಕ್ಷರ ಓದಿ. ಕಾಫಿಯ ಅಂಶಗಳಿಗಾಗಿಯೇ ಕುಡಿಯುವವರಿಗೆ 60-40 ಪುಡಿಯ ಎರಡು ಲೋಟ, ಶುದ್ಧ ಕಾಫಿಯ ಒಂದೂಕಾಲು ಲೋಟಕ್ಕೂ ಸಮನಲ್ಲ.

ಇನ್ನೊಂದು ಅಂಕಿ. ಪಿಷ್ಟದ ಬೇರುಗಳನ್ನೂ ಬೀಜಗಳನ್ನೂ ಹುರಿದಾಗ ಹುಟ್ಟುವ ಅಕ್ರಿಲಮೈಡ್‌ಗೆ ಯುರೋಪಿನ ಒಕ್ಕೂಟ 2017ರಲ್ಲಿ ಮಾನದಂಡ ಹಾಕಿತು. ಕೆಜಿಗೆ ಹುರಿದ ಕಾಫಿಯಲ್ಲಿ 400 ಮೈಕ್ರೊಗ್ರಾಂ, ಇನ್‌ಸ್ಟಂಟ್‌ನಲ್ಲಿ 850, ಬರೀ ಚಿಕೋರಿಯಲ್ಲಿ 4000. ಹೆದರಿ ಓಡುವಂಥದ್ದಲ್ಲ, ಆದರೆ ಚಿಕೋರಿ ಆರೋಗ್ಯಕ್ಕೆ ಒಳ್ಳೆಯದೆಂದು ಹೆಚ್ಚು ಹಾಕಿಸಿಕೊಳ್ಳುವವರಿಗೆ ತಿಳಿದಿರಲಿ.

ಪುಡಿಯಲ್ಲಿ ಚಿಕೋರಿ ಇದೆಯೇ ಎಂಬ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು ಮೇಲೆ ಅರ್ಧ ಚಮಚ ಪುಡಿ ಉದುರಿಸಿ. ಅಲುಗಾಡಿಸಬೇಡಿ. ಕಾಫಿ ತೇಲುತ್ತಾ ಕೂತಿರುತ್ತದೆ. ಚಿಕೋರಿ ಹೊಗೆಯ ಬಾಲದ ಹಾಗೆ ಕಂದು ಎಳೆ ಬಿಡುತ್ತಾ ಸೀದಾ ತಳಕ್ಕಿಳಿಯುತ್ತದೆ. ಮಕ್ಕಳಿದ್ದರೆ ಅವರಿಂದಲೇ ಮಾಡಿಸಿ, ನೋಡೋಕೆ ಚೆನ್ನಾಗಿರುತ್ತೆ.

ಸೋಸುವ ಬಗೆ: ಇಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ

ಹುರಿ, ತಳಿಗಳಲ್ಲಿ ವಾದಕ್ಕೆ ಜಾಗವಿದೆ. ಸೋಸುವುದರಲ್ಲಿ ಅಷ್ಟಿಲ್ಲ. ಕೆಫೆಸ್ಟಾಲ್ ಎಣ್ಣೆಯ ಜೊತೆ ಬರುತ್ತದೆ, ಕಾಗದ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟೇ ಸೂತ್ರ. ನಾರ್ವೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕಾಗದದಲ್ಲಿ ಸೋಸಿ ಕುಡಿದವರಲ್ಲಿ ಸಾವಿನ ಪ್ರಮಾಣ ಕಾಫಿ ಕುಡಿಯದವರಿಗಿಂತಲೂ ಕಡಿಮೆಯಿತ್ತು. ಪುಡಿ ಹಾಕಿ ಕುದಿಸಿ ಸೋಸದೆ ಕುಡಿಯುವವರಿಗೆ ಅಷ್ಟು ಲಾಭ ಕಾಣಲಿಲ್ಲ.

ನಮ್ಮ ಮಲೆನಾಡಿನ, ಕೊಡಗಿನ ಬೆಲ್ಲದ ಕಾಫಿ ಕುದಿಸುವ ಜಾತಿಗೆ ಸೇರಿದ್ದು. ಬೆಲ್ಲ ಹಾಕಿದ ನೀರು ಕುದಿಯುವಾಗ ಪುಡಿ ಹಾಕಿ, ಮುಚ್ಚಿಟ್ಟು, ಮೇಲಿಂದ ತಿಳಿ ಬಗ್ಗಿಸುವುದು. ಅದರ ರುಚಿ ಬೇರೆಯದಕ್ಕಿಲ್ಲ, ಮಳೆಗಾಲದಲ್ಲಿ ನಾನೂ ಬಿಡುವುದಿಲ್ಲ. ಕೊಲೆಸ್ಟ್ರಾಲ್ ಇದ್ದವರು ಬಟ್ಟೆಯಲ್ಲಾದರೂ ಸೋಸಲಿ. ಸಾಮಾನ್ಯವಾಗಿ ಅದಕ್ಕೆ ರೊಬಸ್ಟಾ ಪುಡಿ ಬಳಸುವುದು ಅದೃಷ್ಟ, ಕೆಫೆಸ್ಟಾಲ್ ಅಷ್ಟರಮಟ್ಟಿಗೆ ಕಡಿಮೆ.

ಸ್ಟೀಲ್ ಫಿಲ್ಟರ್ ಇವೆರಡರ ಮಧ್ಯೆ. ತೂತುಗಳು ಎಣ್ಣೆಯನ್ನು ತಡೆಯವು, ಆದರೆ ಒತ್ತಿ ಕೂರಿಸಿದ ಪುಡಿಯ ಪದರವೇ ಒಂದಷ್ಟನ್ನು ಹಿಡಿಯುತ್ತದೆ. ಕೊಬ್ಬಿನ ಪರೀಕ್ಷೆಯಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚು ಬಂದವರು ಫಿಲ್ಟರನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಮೇಲಿನ ಪಾತ್ರೆಯ ತಳಕ್ಕೆ ಸರಿಯಾಗಿ ದುಂಡಗೆ ಕತ್ತರಿಸಿದ ಕಾಫಿ ಫಿಲ್ಟರ್ ಕಾಗದ ಹಾಸಿ, ಅದರ ಮೇಲೆ ಪುಡಿ ಹಾಕಿ, ಹಗುರವಾಗಿ ಒತ್ತಿ. ಡಿಕಾಕ್ಷನ್ ಇಳಿಯಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ರಾತ್ರಿಯೇ ಹಾಕಿಡಿ. ಕಾಗದ ತೆಗೆದಾಗ ಅದರ ಮೇಲೆ ಕಾಣುವ ಜಿಡ್ಡಿನ ಹೊಳಪೇ ಲೋಟಕ್ಕೆ ಬರದೆ ಉಳಿದ ಪಾಲು.

ಇನ್‌ಸ್ಟಂಟ್‌ನಲ್ಲಿ ಈ ಎಣ್ಣೆ ಇರುವುದಿಲ್ಲ ಎನ್ನುವಷ್ಟು ಕಡಿಮೆ, ಅದೊಂದೇ ಅದರ ಪುಣ್ಯ. ಚಿಕೋರಿ ಪಾಲು ನೋಡಿ ಕೊಳ್ಳಿ.

ಹಾಲು ಹಾಕಬೇಕೋ ಬೇಡವೋ

ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು 2023ರ ಆರಂಭದಲ್ಲಿ ಹಾಲು ಕಾಫಿಯವರಿಗೆ ಹಬ್ಬ ಮಾಡಿದರು. ಕಾಫಿಯ ಕೆಫೀಕ್ ಆಮ್ಲದಂಥ ಪಾಲಿಫಿನಾಲ್ (ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ), ಪ್ರೋಟೀನಿನ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡಾಗ, ಮ್ಯಾಕ್ರೋಫೇಜ್‌ಗಳಲ್ಲಿ ಉರಿಯೂತ ತಗ್ಗಿಸುವ ಶಕ್ತಿ ಇಮ್ಮಡಿಯಾಗುತ್ತದೆ ಎಂದರು. ಹಾಲು ಹಾಕಿದ ಕಾಫಿಯಲ್ಲಿ ಇಂಥ ಅಂಟುವಿಕೆ ನಡೆಯುತ್ತದೆ ಎಂದು ಇನ್ನೊಂದು ಕೆಲಸದಲ್ಲಿ ತೋರಿಸಿದರು. ಮರುದಿನವೇ "ಹಾಲಿನ ಕಾಫಿ ಉರಿಯೂತಕ್ಕೆ ರಾಮಬಾಣ" ಎಂಬ ಸುದ್ದಿ. ಕೋಶಕ್ಕೆ ಕೊಟ್ಟದ್ದು ಲೋಟದ ಕಾಫಿಯಲ್ಲ, ಬೆಸೆದ ಶುದ್ಧ ವಸ್ತು. ಜಠರದ ಆಮ್ಲ, ಕರುಳು, ಯಕೃತ್ತು ದಾಟಿ ಬಂದದ್ದಲ್ಲ. ಹಾಲಿನಿಂದ ಪಾಲಿಫಿನಾಲ್ ಹೀರುವಿಕೆ ಕಡಿಮೆಯಾಗುತ್ತದೆಯೇ ಎಂದು ಜನರ ಮೇಲೆ ನಡೆದ ಪ್ರಯೋಗಗಳಲ್ಲಿ ಕೆಲವು ಹೌದು ಎಂದಿವೆ, ಕೆಲವು ಇಲ್ಲ ಎಂದಿವೆ.

ಹಾಲಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವ ಬದಲು ಸಕ್ಕರೆ ನೋಡಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟವಾದರೆ ಮೂವತ್ತು ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಾಧ್ಯವಾದರೆ 25 ಗ್ರಾಂ ಒಳಗಿರಲಿ ಎನ್ನುವುದು ಇಡೀ ದಿನದ ಲೆಕ್ಕಕ್ಕೆ. ಬೆಲ್ಲಕ್ಕೂ ಇದೇ ಲೆಕ್ಕ, ಬೇಸರ ಮಾಡಿಕೊಳ್ಳಬೇಡಿ.

ಡಿಕ್ಯಾಫ್ ಮತ್ತು ಕ್ಯಾಪ್ಸೂಲು

ಡಿಕ್ಯಾಫ್ ಎಂದರೆ ಹಸಿ ಬೀಜದಿಂದಲೇ ಕೆಫೀನ್ ತೆಗೆದು ಆಮೇಲೆ ಹುರಿದದ್ದು. ಕ್ಲೋರೊಜೆನಿಕ್ ಆಮ್ಲ ಬಹುಪಾಲು ಉಳಿದಿರುತ್ತದೆ. ಅಮೆರಿಕದಲ್ಲಿ ನರ್ಸುಗಳನ್ನೂ ಇತರ ಆರೋಗ್ಯ ವೃತ್ತಿಯವರನ್ನೂ ದೀರ್ಘಕಾಲ ಗಮನಿಸಿದ ಸಮೀಕ್ಷೆಯಲ್ಲಿ ಉರಿಯೂತದ ಗುರುತುಗಳು ಕಡಿಮೆಯಿದ್ದದ್ದು ಮಾಮೂಲು ಕಾಫಿಯವರಲ್ಲಿ ಮಾತ್ರವಲ್ಲ, ಡಿಕ್ಯಾಫ್ ಕುಡಿಯುವವರಲ್ಲೂ. ಅಂದರೆ ಕೆಫೀನ್ ಒಂದೇ ಇಲ್ಲಿನ ಆಟಗಾರನಲ್ಲ. ಸಂಜೆ ಐದರ ಮೇಲೆ ಕಾಫಿ ಬೇಕೇಬೇಕು ಎನ್ನುವವರಿಗೆ ಡಿಕ್ಯಾಫ್ ಒಳ್ಳೆಯ ಆಯ್ಕೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ನಿದ್ದೆಗೆಟ್ಟರೆ ಉರಿಯೂತದ ಗುರುತುಗಳು ತಾವಾಗಿಯೇ ಏರುತ್ತವೆ. ಉರಿಯೂತ ಇಳಿಸಲೆಂದು ಕಾಫಿ ಕುಡಿದು ನಿದ್ದೆ ಕಳೆದುಕೊಳ್ಳುವುದು ಸಾಲ ತೀರಿಸಲು ಸಾಲ ಮಾಡಿದಂತೆ.

ಹಸಿರು ಕಾಫಿಯ ಸಾರದ ಕ್ಯಾಪ್ಸೂಲುಗಳನ್ನು ನಾನಂತೂ ಕೊಳ್ಳುವುದಿಲ್ಲ. ತೂಕ ಇಳಿಸುತ್ತದೆ ಎಂದು ಜಗತ್ತಿಗೆಲ್ಲ ಮಾರಾಟವಾದದ್ದಕ್ಕೆ ಆಧಾರವಾಗಿದ್ದದ್ದು ಭಾರತದಲ್ಲಿ 16 ಜನರ ಮೇಲೆ ನಡೆದ ಒಂದು ಪ್ರಯೋಗ. ಅದರ ಅಂಕಿಗಳನ್ನು ತಿದ್ದಲಾಗಿತ್ತೆಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತು, ಆ ಪ್ರಯೋಗ ಮಾಡಿಸಿದ ಕಂಪನಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು, 2014ರಲ್ಲಿ ಪ್ರಬಂಧವನ್ನು ವಾಪಸ್ ಪಡೆಯಲಾಯಿತು.

ಮಾತ್ರೆ ನುಂಗುವವರು ಗಮನಿಸಿ

ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಮಾತ್ರೆ ಪೂರ್ತಿ ಹೀರಲ್ಪಡುವುದಿಲ್ಲ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಇನ್ನೂ ಸೂಕ್ಷ್ಮ ವಿಷಯ. ಆ ಔಷಧ ಕೆಲಸ ಮಾಡುವುದು ಸ್ವಲ್ಪಮಟ್ಟಿಗೆ ಅಡೆನೊಸಿನ್ ಹೆಚ್ಚಿಸಿ, ಕೆಫೀನ್ ಕೂರುವುದು ಅದೇ ಅಡೆನೊಸಿನ್‌ನ ಜಾಗದಲ್ಲಿ. ಜನರಲ್ಲಿ ಇದು ಎಷ್ಟರಮಟ್ಟಿಗೆ ಅಡ್ಡಿ ಎಂಬುದರಲ್ಲಿ ಫಲಿತಾಂಶಗಳು ಒಮ್ಮತದಲ್ಲಿಲ್ಲ. ದಿನಕ್ಕೆ ಎಷ್ಟು ಲೋಟ ಎಂದು ವೈದ್ಯರಿಗೆ ನಿಜ ಹೇಳಿ, ಅಷ್ಟೇ. ಮಾತ್ರೆ ಬಿಟ್ಟು ಕಾಫಿ ಹಿಡಿಯುವ ಸಾಹಸ ಬೇಡ.

ರಕ್ತಹೀನತೆ ಇದ್ದವರು ಊಟವಾದ ಕೂಡಲೇ ಕಾಫಿ ಕುಡಿಯಬಾರದು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಕಬ್ಬಿಣಾಂಶ ಹೀರುವುದು ಅಷ್ಟೇ ತಗ್ಗುತ್ತದೆ, ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತಗ್ಗುವುದಿಲ್ಲ ಎಂದು 1983ರಲ್ಲೇ ಒಂದು ಪರೀಕ್ಷೆ ತೋರಿಸಿತ್ತು. ಗರ್ಭಿಣಿಯರಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವ ಮಿತಿ ದಿನಕ್ಕೆ 200 ಮಿ.ಗ್ರಾಂ ಕೆಫೀನ್, ಉಳಿದ ದೊಡ್ಡವರಿಗೆ 400.

ಕಳೆದ ಶನಿವಾರ ಅಕ್ಕನನ್ನು ಕರೆದುಕೊಂಡು ಪುಡಿ ಅಂಗಡಿಗೆ ಹೋದೆ. "ಏನಮ್ಮಾ, ಮಾಮೂಲೇನಾ? ಎಪ್ಪತ್ತು-ಮೂವತ್ತು?" ಅಂದರು ಅಂಗಡಿಯವರು. ಅಕ್ಕ ನನ್ನ ಕಡೆ ನೋಡಿದಳು. ಅರ್ಧ ಪೀಬೆರಿ, ಅರ್ಧ ರೊಬಸ್ಟಾ, ನಡುಹುರಿ, ಚಿಕೋರಿ ಹತ್ತು ಅಂದೆ. ಅವರು ಕಂದು ಕವರಿನ ಮೇಲೆ ಪೆನ್ಸಿಲಿನಲ್ಲಿ 90-10 ಅಂತ ಗೀಚಿ ಮೆಷಿನ್ ಹಾಕಿದರು. ಬಿಸಿಬಿಸಿ ಕವರನ್ನು ಎದೆಗೊತ್ತಿಕೊಂಡು ಆಟೋ ಹತ್ತಿದ ಅಕ್ಕ ಮಾರನೇ ದಿನ ಮತ್ತೆ ಏಳಕ್ಕೇ ಫೋನ್ ಮಾಡಿದಳು. "ಕಾಗದ ಹಾಸಿದೆ ಕಣೋ. ಡಿಕಾಕ್ಷನ್ ನೀರ್ ನೀರಾಗಿದೆ. ಮಂಡಿ ಹಾಗೇ ಇದೆ. ಮುಂದಿನ ಸಲ ಚಿಕೋರಿ ಇಪ್ಪತ್ತು ಹಾಕಿಸ್ತೀನಿ."

ಇಪ್ಪತ್ತಕ್ಕೆ ಒಪ್ಪಿಕೊಂಡೆ. ಕಾಗದ ಮಾತ್ರ ತೆಗೆಯಬೇಡ ಅಂದಿದ್ದೇನೆ, ಹೋದ ತಿಂಗಳು ಅವಳ ಎಲ್‌ಡಿಎಲ್ 160 ಬಂದಿತ್ತು.